ಅಂಗಹಾನಿಯೂ ಶ್ರಾವಕಧರ್ಮವೂ



ನಮ್ಮ ಮಂದಿರದ ವಾರ್ಷಿಕ ರಥೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ವಿಶ್ವಸ್ಥ ಮಂಡಳಿಯ ಹಿರಿಯರು ಹೇಳಿದಾಗ ನಾನು ಹಿಂಜರಿದೆನು. ನಾನು ಪಂಡಿತನಲ್ಲ. ಮ್ಯಾಟ್ರಿಕ್ ಮುಗಿಸಿ ತಂದೆಯವರ ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ತೊಗರಿ, ಜೋಳ, ಕಡಲೆಗಳ ಲೆಕ್ಕವನ್ನು ಬಿಟ್ಟರೆ ಬೇರೆ ವಿದ್ಯೆಯನ್ನು ಅರಿತವನಲ್ಲ. ಅಕ್ಕಲಕೋಟೆ ಸೀಮೆಯ ನಮ್ಮ ಸಮಾಜದಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ, ಇನ್ನು ಕೆಲವರದು ಗುಜರಾತಿ ಇಲ್ಲವೆ ಮಾರವಾಡಿ. ಮಾತು ಬೇರೆಯಾದರೂ ಪೂಜೆ ಒಂದೇ, ವ್ಯಾಪಾರವೂ ಬಹುಮಟ್ಟಿಗೆ ಒಂದೇ. ಆದುದರಿಂದ ಎಲ್ಲರ ಅಂಗಡಿಗೂ ಎಲ್ಲರ ಮನೆಗೂ ಸಂಬಂಧಪಟ್ಟ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕೈಯನ್ನೋ ಕಾಲನ್ನೋ ಕಳೆದುಕೊಂಡ ಮನುಷ್ಯನು ತನ್ನ ಬಾಳನ್ನು ಮತ್ತೆ ಕಟ್ಟಿಕೊಳ್ಳುವಾಗ ಅವನಿಗೆ ನಾವು ಕೊಡಬೇಕಾದುದು ಏನು? ಅದು ದಾನವೇ, ಅಥವಾ ಬೇರೆ ಏನಾದರೂ ಆಗಿದೆಯೇ?

ಈ ಪ್ರಶ್ನೆಯನ್ನು ನಾನು ಗ್ರಂಥದಿಂದ ಪಡೆದವನಲ್ಲ. ಇಬ್ಬರು ಮನುಷ್ಯರಿಂದ ಪಡೆದೆನು. ಒಬ್ಬರು ನಮ್ಮಲ್ಲಿ ಹಮಾಲಿ ಮಾಡುತ್ತಿದ್ದವರು, ಇನ್ನೊಬ್ಬರು ನನ್ನ ಸ್ವಂತ ಅಣ್ಣನವರು. ಇಬ್ಬರ ಹೆಸರನ್ನೂ ಬರೆಯುವುದಿಲ್ಲ. ಇಬ್ಬರೂ ಬೇಡವೆಂದಿದ್ದಾರೆ.

1996ರ ಸುಗ್ಗಿ

ಆಗ ನಮಗೆ ಅಡತಿಯ ಜೊತೆಗೆ ಒಂದು ಚಿಕ್ಕ ಬೇಳೆ ಗಿರಣಿಯೂ ಇತ್ತು. 1996ರ ಸುಗ್ಗಿಯಲ್ಲಿ ತೊಗರಿಯ ಆವಕ ಬಹಳವಾಗಿ ಗಿರಣಿಯು ಹಗಲಿರುಳು ನಡೆಯುತ್ತಿತ್ತು. ಮೋಟಾರಿನಿಂದ ಬೀಸುವ ಯಂತ್ರಕ್ಕೆ ಹೋಗುವ ಪಟ್ಟಾದ ಮೇಲಿನ ತಗಡಿನ ಕವಚವನ್ನು ದುರಸ್ತಿಗೆಂದು ತೆಗೆಸಿದ್ದೆವು. ಹಮಾಲರಲ್ಲಿ ಒಬ್ಬರು, ಸುಮಾರು ಮೂವತ್ತು ವರ್ಷದವರು, ನನ್ನ ಬಳಿಗೆ ಬಂದು, "ಸಾಹುಕಾರರೇ, ಪಟ್ಟಾ ಬತ್ತಲೆ ಇದೆ, ತಗಡು ಹಾಕಿಸಿರಿ" ಎಂದರು. "ಸುಗ್ಗಿ ಮುಗಿಯಲಿ, ಹಾಕಿಸೋಣ" ಎಂದು ನಾನು ಹೇಳಿದೆನು. ಯಂತ್ರವನ್ನು ಅರ್ಧ ದಿನ ನಿಲ್ಲಿಸಬೇಕಾಗುತ್ತಿತ್ತು. ಆ ಅರ್ಧ ದಿನದ ಬೇಳೆಯ ಬೆಲೆಯನ್ನು ನಾನು ಮನಸ್ಸಿನಲ್ಲಿಯೇ ಲೆಕ್ಕ ಮಾಡಿದ್ದೆ. ಮೂರನೆಯ ದಿನ ಅವರ ಅಂಗಿಯ ತೋಳು ಪಟ್ಟಾದಲ್ಲಿ ಸಿಕ್ಕಿತು. ಬಲಗೈಯನ್ನು ಮೊಳಕೈಯ ಕೆಳಗೆ ವೈದ್ಯರು ತೆಗೆಯಬೇಕಾಯಿತು.

ಆಸ್ಪತ್ರೆಯ ಖರ್ಚನ್ನು ನಾನು ಕೊಟ್ಟೆನು. ಮೇಲೆ ಕೆಲವು ಸಾವಿರ ರೂಪಾಯಿಗಳನ್ನು ಕೊಟ್ಟು, ಮುಂದೆ ಯಾವ ತಕರಾರೂ ಇಲ್ಲವೆಂಬ ಕಾಗದಕ್ಕೆ ಅವರ ಹೆಬ್ಬೆಟ್ಟನ್ನು ಒತ್ತಿಸಿಕೊಂಡೆನು. ಎಡಗೈಯ ಹೆಬ್ಬೆಟ್ಟು. ಬಂದವರೊಡನೆ ಮಾತನಾಡುವಾಗ, "ಅವನ ಕರ್ಮ, ಯಾರೇನು ಮಾಡಲಿಕ್ಕಾಗುತ್ತದೆ" ಎಂದೆನು. ಎಲ್ಲರೂ ತಲೆದೂಗಿದರು. ಆ ಮಾತನ್ನು ಆಡಿ ನನಗೆ ಸಮಾಧಾನವೂ ಆಯಿತು. ಆ ಸಮಾಧಾನವೇ ನನ್ನ ದೊಡ್ಡ ತಪ್ಪು ಎಂಬುದು ತಿಳಿಯಲು ಬಹುಕಾಲ ಬೇಕಾಯಿತು.

ಕರ್ಮವೆಂಬ ಮಾತು ಯಾರಿಗಾಗಿ?

ನಮ್ಮ ಸಿದ್ಧಾಂತದಲ್ಲಿ ಅಸಾತಾವೇದನೀಯವೆಂಬ ಕರ್ಮವಿದೆ, ಅಂಗೋಪಾಂಗಗಳನ್ನು ರೂಪಿಸುವ ನಾಮಕರ್ಮವೂ ಇದೆ. ಜೀವನಿಗೆ ಬರುವ ದುಃಖವು ಕಾರಣವಿಲ್ಲದೆ ಬರುವುದಿಲ್ಲ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಇದೇ ಸಿದ್ಧಾಂತವು ನಿಮಿತ್ತವೆಂಬ ಇನ್ನೊಂದು ಮಾತನ್ನೂ ಹೇಳುತ್ತದೆ. ಆ ಹಮಾಲರ ಕರ್ಮವು ಉದಯಕ್ಕೆ ಬಂತೆಂದೇ ಇಟ್ಟುಕೊಳ್ಳೋಣ. ಅದಕ್ಕೆ ನಿಮಿತ್ತವಾದುದು ನನ್ನ ಪಟ್ಟಾ. ನಿಮಿತ್ತನಾದವನು ಪ್ರಮಾದದಿಂದ ನಡೆದಿದ್ದರೆ ಅವನಿಗೆ ಅವನದೇ ಬಂಧ ಉಂಟು. ಇನ್ನೊಬ್ಬರ ಹಳೆಯ ಲೆಕ್ಕವನ್ನು ತೋರಿಸಿ ನನ್ನ ಹೊಸ ಲೆಕ್ಕವನ್ನು ಅಳಿಸಲು ಬರುವುದಿಲ್ಲ. ವ್ಯಾಪಾರಿಗಳಾದ ನಮಗೆ ಇದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಪ್ರತಿಯೊಬ್ಬನ ಖಾತೆಯೂ ಬೇರೆ ಬೇರೆ.

ಇನ್ನೊಂದು ವಿಚಾರ. ಕರ್ಮಸಿದ್ಧಾಂತವನ್ನು ಆಚಾರ್ಯರು ಹೇಳಿದುದು ನಮ್ಮ ಮೇಲೆ ಕಷ್ಟ ಬಂದಾಗ ನಾವು ಇನ್ನೊಬ್ಬರನ್ನು ದ್ವೇಷಿಸದೆ ಧೈರ್ಯದಿಂದ ಇರಲೆಂದು. ಅದು ಸ್ವಂತ ದುಃಖಕ್ಕೆ ಮದ್ದು. ಇನ್ನೊಬ್ಬನ ದುಃಖವನ್ನು ಕಂಡಾಗ ಶ್ರಾವಕನಿಗೆ ವಿಧಿಸಿರುವುದು ಕರುಣೆ. ನನಗೆಂದು ಕೊಟ್ಟ ಮದ್ದನ್ನು ನಾನು ಪಕ್ಕದವನಿಗೆ ಕುಡಿಸಿದೆ. ಅವನಿಗೆಂದು ಕೊಟ್ಟ ಕರುಣೆಯನ್ನು ನನಗೆ ನಾನೇ ಬಡಿಸಿಕೊಂಡೆ. ಈ ಅದಲುಬದಲನ್ನು ನಾನೊಬ್ಬನೇ ಮಾಡಿದೆನೆಂದು ಹೇಳಲಾರೆ. ನಮ್ಮ ಪೇಟೆಯಲ್ಲಿ ಈ ಮಾತನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ.

ಪ್ರತಿ ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಹತ್ತು ದಿನ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಕೇಳುತ್ತೇವಷ್ಟೆ. ಅಪಘಾತವಾದ ಮುಂದಿನ ಪರ್ವದಲ್ಲಿ ಏಳನೆಯ ಅಧ್ಯಾಯದ ದಿನ ನಾನು ಕುಳಿತಿದ್ದೆ. ಹಿಂಸೆಯ ಮೂಲವು ಪ್ರಮಾದವೆಂದು ಉಮಾಸ್ವಾಮಿ ಆಚಾರ್ಯರು ಅಲ್ಲಿ ಹೇಳುತ್ತಾರೆ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನೂ ಎಣಿಸುತ್ತಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿ ಭಾರವನ್ನು ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಚಿಕ್ಕಂದಿನಿಂದ ಇವನ್ನು ಕೇಳುವಾಗ ನನ್ನ ಕಣ್ಣಮುಂದೆ ಬರುತ್ತಿದ್ದುದು ಎತ್ತು, ಕುದುರೆ, ಕತ್ತೆಗಳು. ಆ ದಿನ ಮೊದಲ ಸಲ ಗಿರಣಿಯು ಕಣ್ಣಮುಂದೆ ಬಂತು. ನೀರನ್ನು ಸೋಸಿ ಕುಡಿಯುವವನು, ರಾತ್ರಿ ಉಣ್ಣದವನು, ತೊಗರಿಯಲ್ಲಿ ಹುಳುವಿದ್ದರೆ ಬಿಸಿಲಿಗೆ ಹರಡದೆ ನೆರಳಿನಲ್ಲಿ ಹರಡಿಸುವವನು, ಒಂದು ತಗಡನ್ನು ಹಾಕಿಸಲಿಲ್ಲ.

ಗೃಹಸ್ಥನಿಗೆ ಉದ್ಯೋಗಿ ಹಿಂಸೆಯು ಅನಿವಾರ್ಯವೆಂದು ಹೇಳಿ ಮನಸ್ಸನ್ನು ಸಮಾಧಾನಪಡಿಸಲು ಆಗಲೂ ಯತ್ನಿಸಿದೆನು. ಆದರೆ ಆ ವಿನಾಯಿತಿ ಎಷ್ಟು ದೂರ ಬರುತ್ತದೆ? ಎಲ್ಲ ಎಚ್ಚರವನ್ನೂ ವಹಿಸಿದ ಮೇಲೆ ಉಳಿದುದು ಮಾತ್ರ ಅನಿವಾರ್ಯ. ಎಚ್ಚರಕ್ಕೆ ಮೊದಲೇ ಅನಿವಾರ್ಯವೆಂದು ಹೇಳುವುದು ಉದ್ಯೋಗಿ ಹಿಂಸೆಯಲ್ಲ, ಅದು ಲೋಭ. ಇಷ್ಟನ್ನು ಅರಿತೂ ನಾನು ಆ ಮನುಷ್ಯನ ಮನೆಯ ಕಡೆಗೆ ಹೋಗಲಿಲ್ಲ. ಪರ್ವದ ಕೊನೆಗೆ ಕ್ಷಮಾವಾಣಿಯ ಮುದ್ರಿತ ಪತ್ರಗಳನ್ನು ಸೋಲಾಪುರದ ದಲಾಲರಿಗೂ ಲಾತೂರಿನ ವ್ಯಾಪಾರಿಗಳಿಗೂ ಕಳುಹಿಸಿದೆನು. ಯಾರಿಗೆ ಕಳುಹಿಸಬೇಕಾಗಿತ್ತೋ ಅವರಿಗೆ ಕಳುಹಿಸಲಿಲ್ಲ.

ಒಂದು ಕೈಯಿಂದ ಕಟ್ಟಿದ ಬಾಳು

ಅವರು ಬಾಳನ್ನು ಹೇಗೆ ಮತ್ತೆ ಕಟ್ಟಿದರು ಎಂಬುದನ್ನು ನಾನು ಅವರಿಂದಲೇ ಬಹಳ ತಡವಾಗಿ ಕೇಳಿದೆನು. ಕೇಳಿದಷ್ಟನ್ನು ಬರೆಯುತ್ತೇನೆ.

ಮೊದಲಿನ ತಿಂಗಳುಗಳಲ್ಲಿ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತಂತೆ. ಗುಂಡಿ ಹಾಕಲು, ಧೋತರ ಉಡಲು, ಬೆಂಕಿಕಡ್ಡಿ ಗೀರಲು ಬೇರೆಯವರು ಬೇಕು. ಒಂದೇ ಕೈಯಿಂದ ಜೋಳದ ರೊಟ್ಟಿಯನ್ನು ಮುರಿಯುವುದು ಎಷ್ಟು ಕಷ್ಟವೆಂಬುದನ್ನು ಎರಡು ಕೈ ಉಳ್ಳವರು ಒಮ್ಮೆ ಮಾಡಿ ನೋಡಬೇಕು. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಎಡಗೈಯಿಂದ ಉಣ್ಣುವುದು. ನಮ್ಮ ಕಡೆ ಎಡಗೈಯ ಊಟವನ್ನು ಜನ ಹೇಗೆ ನೋಡುತ್ತಾರೆಂಬುದು ತಮಗೆ ತಿಳಿದಿದೆ. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಎಲೆಯನ್ನು ಸ್ವಲ್ಪ ಸರಿಸಿಕೊಂಡರಂತೆ. ಅಂದಿನಿಂದ ಐದು ವರ್ಷ ಅವರು ಯಾವ ಪಂಕ್ತಿಯಲ್ಲಿಯೂ ಕೂಡಲಿಲ್ಲ.

ಅವರ ಮಗಳು ಆಗ ಒಂದನೆಯ ತರಗತಿ. ಸಂಜೆ ಅವಳು ಪಾಟಿಯ ಮೇಲೆ ಅ ಆ ತಿದ್ದುವಾಗ ತಂದೆಯೂ ಇನ್ನೊಂದು ಪಾಟಿಯನ್ನು ಹಿಡಿದು ಎಡಗೈಯಿಂದ ತಿದ್ದಿದರು. ಮೊದಲು ಅಕ್ಷರ, ಆಮೇಲೆ ಅಂಕಿ. ಒಂದು ವರ್ಷದಲ್ಲಿ ಮಗಳಿಗಿಂತ ತಂದೆಯ ಅಂಕಿಗಳು ಚೆನ್ನಾದವು. ಹಿಂದೆ ಸಹಿ ಮಾಡಲು ಬಾರದಿದ್ದವರು ಕೈ ಹೋದ ಮೇಲೆ ಬರೆಯಲು ಕಲಿತರು.

ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ಒಂದು ಕೃತಕ ಕೈಯನ್ನು ಕೊಟ್ಟರು. ನೋಡಲು ಕೈಯಂತೆಯೇ ಇತ್ತು, ಆದರೆ ಅದರಿಂದ ಏನನ್ನೂ ಹಿಡಿಯಲು ಬರುತ್ತಿರಲಿಲ್ಲ. ಅದು ಮನೆಯ ಗೂಟದಲ್ಲಿ ತೂಗಿತು. ಊರಿನ ಕಮ್ಮಾರರ ಬಳಿ ಕುಳಿತು, ದಪ್ಪ ಬಟ್ಟೆಯ ಪಟ್ಟಿಗೆ ಕಬ್ಬಿಣದ ಕೊಕ್ಕೆಯನ್ನು ಕೂಡಿಸಿ, ಮೊಂಡಾದ ಕೈಗೆ ಕಟ್ಟಿಕೊಳ್ಳುವಂತೆ ಮಾಡಿಸಿಕೊಂಡರು. ಚೀಲದ ಬಾಯನ್ನು ಕೊಕ್ಕೆಯಿಂದ ಹಿಡಿದು, ಚೀಲವನ್ನು ಮೊಣಕಾಲುಗಳ ನಡುವೆ ಇರುಕಿ, ಎಡಗೈಯಿಂದ ದಬ್ಬಣ ಹಾಕಿ ಹೊಲಿಯುವುದನ್ನು ರೂಢಿ ಮಾಡಿಕೊಂಡರು. ನೋಡುವವರಿಗಾಗಿ ಒಂದು ಕೈ, ದುಡಿಯಲಿಕ್ಕೆ ಒಂದು ಕೊಕ್ಕೆ. ಎರಡೂ ಬೇಕೆಂದು ಅವರು ನಗುತ್ತಾ ಹೇಳುತ್ತಾರೆ. ಮದುವೆಗಳಿಗೆ ಹೋಗುವಾಗ ಈಗಲೂ ಆ ಕೈಯನ್ನು ಹಾಕಿಕೊಳ್ಳುತ್ತಾರೆ.

1997ರಲ್ಲಿ ಅವರು ನನ್ನ ಅಂಗಡಿಗೆ ಬಂದು ಕಾಟಾದ ಮೇಲೆ ತೂಕ ಹಿಡಿಯುವ ಕೆಲಸವನ್ನು ಕೇಳಿದರು. ನಾನು, "ನೀನು ಮನೆಯಲ್ಲಿರು, ತಿಂಗಳಿಗೆ ಒಂದು ಚೀಲ ಜೋಳ ಕಳುಹಿಸುತ್ತೇನೆ" ಎಂದೆನು. ನನ್ನ ಮನಸ್ಸಿನಲ್ಲಿ ಅದು ದಾನವಾಗಿತ್ತು. ಚೀಲ ಹೋಯಿತು, ಮರುದಿನ ಅದೇ ಗಾಡಿಯಲ್ಲಿ ಹಿಂದಕ್ಕೆ ಬಂತು. "ನನ್ನ ಕೈ ಹೋಗಿದೆ, ಲೆಕ್ಕ ಹೋಗಿಲ್ಲ" ಎಂದು ಹೇಳಿ ಕಳುಹಿಸಿದ್ದರು. ನಾನು ಅದನ್ನು ಅಹಂಕಾರವೆಂದು ಭಾವಿಸಿದೆನು. ನಿಜ ಹೇಳಬೇಕೆಂದರೆ, ಕೆಲಸ ಕೊಡದಿರಲು ಕಾರಣ ಬೇರೆ ಇತ್ತು. ದಿನವೂ ಆ ತೋಳನ್ನು ನನ್ನ ಗಾದಿಯ ಎದುರಿಗೆ ನೋಡಲು ನನಗೆ ಧೈರ್ಯವಿರಲಿಲ್ಲ. ಜೋಳದ ಚೀಲವು ಅವರನ್ನು ದೂರ ಇಡುವ ಬೆಲೆಯಾಗಿತ್ತು.

ಬೇರೆ ಒಬ್ಬ ವ್ಯಾಪಾರಿಗಳು ಅವರಿಗೆ ಕಾಟಾದ ಕೆಲಸವನ್ನು ಕೊಟ್ಟರು. ಕೆಲವು ವರ್ಷಗಳ ನಂತರ ಅವರು ಸ್ವಂತ ತೂಕದ ಕಾಟಾ ತೆಗೆದುಕೊಂಡು ವಾರದ ಸಂತೆಗಳಲ್ಲಿ ತೂಕ ಮಾಡಿಕೊಡತೊಡಗಿದರು. ಇಂದು ಮಾರುಕಟ್ಟೆಯ ಹತ್ತಿರ ಅವರದು ಹಗ್ಗ, ಗೋಣಿ, ತಾಡಪತ್ರಿಗಳ ಅಂಗಡಿ. ಅವರ ತೂಕಕ್ಕೆ ಎರಡನೆಯ ಮಾತಿಲ್ಲವೆಂದು ರೈತರು ಹೇಳುತ್ತಾರೆ.

ದಾನಕ್ಕೂ ಬಾಕಿಗೂ ಇರುವ ಭೇದ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಾವೆಲ್ಲರೂ ಬಲ್ಲೆವು. ಅಂಗವನ್ನು ಕಳೆದುಕೊಂಡವರಿಗೆ ಮೊದಲೆರಡನ್ನು ಕೊಡಲು ಸಮಾಜ ಹಿಂಜರಿಯುವುದಿಲ್ಲ. ಆದರೆ ಅವರಿಗೆ ಇರುವ ಮುಖ್ಯ ಭಯ ಯಾವುದು? ಗಾಯ ಮಾಗಿದ ಮೇಲೆ ಸಾವಿನ ಭಯ ಉಳಿಯುವುದಿಲ್ಲ. ತಾನು ಇನ್ನು ಯಾರಿಗೂ ಬೇಡವಾದವನು, ಉಣ್ಣುವುದಕ್ಕೆ ಮಾತ್ರ ಇರುವವನು ಎಂಬ ಭಯ ಉಳಿಯುತ್ತದೆ. ಹಾಗಿದ್ದರೆ ಕೆಲಸವನ್ನು ಕೊಡುವುದೇ ಅವರಿಗೆ ಅಭಯದಾನವೆಂದು ನನಗೆ ತೋರುತ್ತದೆ. ಇದು ನನ್ನ ಅಲ್ಪಬುದ್ಧಿಗೆ ತೋರಿದ ಅರ್ಥ, ಪಂಡಿತರು ತಿದ್ದಬಹುದು.

ಆದರೆ ದಾನಕ್ಕೂ ಮೊದಲು ಇನ್ನೊಂದಿದೆ, ಅದು ಬಾಕಿ. ಕೆಲಸದಲ್ಲಿ ಅಂಗಹಾನಿಯಾದ ಕಾರ್ಮಿಕನಿಗೆ ಮಾಲೀಕನು ಪರಿಹಾರ ಕೊಡಬೇಕೆಂಬ ಕಾಯದೆ 1923ರಿಂದಲೇ ನಮ್ಮ ದೇಶದಲ್ಲಿದೆ. ಒಂದು ಕೈ ಹೋದರೆ ಗಳಿಸುವ ಶಕ್ತಿಯಲ್ಲಿ ನೂರಕ್ಕೆ 60ರಷ್ಟು ನಷ್ಟವೆಂದು ಅದರ ಪಟ್ಟಿ ಎಣಿಸುತ್ತಿತ್ತು. ವಯಸ್ಸು ಹಾಗೂ ಸಂಬಳಗಳಿಂದ ಮೊತ್ತವನ್ನು ಕಟ್ಟುತ್ತಿದ್ದರು. ನಾನು ಕೊಟ್ಟ ಕೆಲವು ಸಾವಿರಗಳು ಆ ಮೊತ್ತದ ಹತ್ತಿರಕ್ಕೂ ಬರುತ್ತಿರಲಿಲ್ಲ. ನಾನು ಉದಾರವಾಗಿ ಕೊಟ್ಟೆನೆಂದು ತಿಳಿದಿದ್ದುದು ವಾಸ್ತವವಾಗಿ ಕೊಡಬೇಕಾದುದರಲ್ಲಿ ಒಂದು ಪಾಲು ಮಾತ್ರ. ಬಾಕಿಯನ್ನು ದಾನವೆಂದು ವಹಿಯಲ್ಲಿ ಬರೆಯುವುದನ್ನು ಯಾವ ಮುನೀಮನೂ ಒಪ್ಪುವುದಿಲ್ಲ. ಧರ್ಮದ ವಹಿಯಲ್ಲಿ ನಾವು ಅದನ್ನು ಸುಲಭವಾಗಿ ಬರೆದುಕೊಳ್ಳುತ್ತೇವೆ.

ನಮ್ಮ ಮನೆಯೊಳಗೇ

ಬೇರೆಯವರ ಮನೆಯ ದುಃಖದಿಂದ ಕಲಿಯದವನಿಗೆ ಸ್ವಂತ ಮನೆಯಲ್ಲಿ ಪಾಠವಾಗುತ್ತದೆ. ನನ್ನ ಅಣ್ಣನವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಅಂಗಾಲಿನ ಸ್ಪರ್ಶಜ್ಞಾನ ಕಡಿಮೆಯಾಗಿದ್ದುದು ಅವರಿಗೇ ತಿಳಿದಿರಲಿಲ್ಲ. 2014ರ ಮೇ ತಿಂಗಳಲ್ಲಿ ಮಧ್ಯಾಹ್ನ ಮಂದಿರದಲ್ಲಿ ಪ್ರದಕ್ಷಿಣೆ ಮಾಡುವಾಗ ಕಾದ ಕಲ್ಲುಹಾಸಿನ ಮೇಲೆ ಅಂಗಾಲು ಸುಟ್ಟು ಬೊಬ್ಬೆ ಬಂತು. ನೋವು ಆಗದಿದ್ದುದರಿಂದ ಯಾರಿಗೂ ಹೇಳಲಿಲ್ಲ. ಬೊಬ್ಬೆ ಹುಣ್ಣಾಯಿತು, ಹುಣ್ಣು ಎಲುಬಿಗೆ ಇಳಿಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ನಮ್ಮ ಮನೆಯಲ್ಲಿ ಹಣಕ್ಕೂ ಆಳುಗಳಿಗೂ ಕೊರತೆಯಿರಲಿಲ್ಲ. ಅಣ್ಣನವರನ್ನು ಪಡಸಾಲೆಯ ಮಂಚದಲ್ಲಿ ಮಲಗಿಸಿ, ನೀರು ಕೇಳುವ ಮೊದಲೇ ನೀರು ಕೊಟ್ಟೆವು. ಮೊಣಕಾಲಿನ ಕೆಳಗೆ ಮೆತ್ತನೆಯ ದಿಂಬನ್ನೂ ಇಟ್ಟೆವು. ಅದು ಬಹಳ ದೊಡ್ಡ ತಪ್ಪೆಂದು ವ್ಯಾಯಾಮ ಕಲಿಸಲು ಬಂದವರು ಹೇಳಿದರು. ಹಾಗೆ ಇಟ್ಟರೆ ಮೊಣಕಾಲು ಬಾಗಿದಂತೆಯೇ ಸೆಟೆದು, ಮುಂದೆ ಕೃತಕ ಕಾಲನ್ನು ಹಾಕಿದರೂ ನೆಟ್ಟಗೆ ನಿಲ್ಲಲಾಗುವುದಿಲ್ಲವಂತೆ. ದಿಂಬನ್ನು ತೆಗೆದೆವು. ಆದರೆ ಅಂಥದೇ ಇನ್ನೊಂದು ದಿಂಬು ಕಣ್ಣಿಗೆ ಕಾಣದೆ ಉಳಿದುಹೋಯಿತು. ಅಂಗಡಿಯ ವಹಿಗಳು, ತಿಜೋರಿಯ ಕೀಲಿಕೈಗಳು ಮಕ್ಕಳ ಕೈಗೆ ಬಂದವು. "ತಮಗೇಕೆ ತೊಂದರೆ" ಎಂದು ಯಾವ ವ್ಯವಹಾರವನ್ನೂ ಅವರಿಗೆ ಕೇಳದಾದೆವು. ಮೂರು ತಿಂಗಳಲ್ಲಿ ಅವರು ಮಾತನಾಡುವುದನ್ನೇ ಬಿಟ್ಟರು.

ಒಂದು ದಿನ ಆ ಹಿಂದಿನ ಹಮಾಲರು ಅಣ್ಣನವರನ್ನು ನೋಡಲು ಬಂದರು. ಒಂದು ಗಂಟೆ ಕುಳಿತರು. ಇಲ್ಲದ ಪಾದವು ರಾತ್ರಿ ತುರಿಸುತ್ತದೆ, ಬೆರಳುಗಳು ಹಿಂಡಿದಂತೆ ನೋಯುತ್ತವೆ, ಹೇಳಿದರೆ ಮನೆಯವರು ಹುಚ್ಚೆಂದಾರು ಎಂದು ಅಣ್ಣನವರು ಅವರಿಗೆ ಹೇಳಿದರು. ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. "ನನಗೂ ಹೆಬ್ಬೆಟ್ಟು ಎರಡು ವರ್ಷ ನೋಯಿತು, ಇದು ಹುಚ್ಚಲ್ಲ" ಎಂದು ಅವರು ಧೈರ್ಯ ಕೊಟ್ಟರು. ಇದನ್ನು ವೈದ್ಯಶಾಸ್ತ್ರವೂ ಒಪ್ಪುತ್ತದೆ. ಅಂಗವು ಹೋದರೂ ಮೆದುಳಿನಲ್ಲಿ ಅದರ ನಕ್ಷೆ ಉಳಿದಿರುತ್ತದೆ. ತಮಿಳುನಾಡಿನಲ್ಲಿ ಜನಿಸಿ ಅಮೆರಿಕದಲ್ಲಿ ಸಂಶೋಧನೆ ಮಾಡಿದ ಡಾ. ವಿ. ಎಸ್. ರಾಮಚಂದ್ರನ್ ಅವರು ಕನ್ನಡಿಯಲ್ಲಿ ಇರುವ ಅಂಗದ ಪ್ರತಿಬಿಂಬವನ್ನು ತೋರಿಸಿ ಇಲ್ಲದ ಅಂಗದ ನೋವನ್ನು ಶಮನಗೊಳಿಸುವ ಕ್ರಮವನ್ನು 1990ರ ದಶಕದಲ್ಲಿ ರೂಪಿಸಿದರು. ಕೆಲವರಿಗೆ ಅದರಿಂದ ಉಪಶಮನ ದೊರೆಯುತ್ತದೆ.

ಹೋಗುವಾಗ ಅಂಗಳದಲ್ಲಿ ನಿಂತು ಅವರು ನನ್ನನ್ನು ಕೇಳಿದರು: "ಅಣ್ಣನವರ ಸೊಂಟದಲ್ಲಿ ಕೀಲಿಕೈ ಕಾಣಲಿಲ್ಲ, ಎಲ್ಲಿದೆ?" ನನ್ನ ಹತ್ತಿರ ಇದೆ ಎಂದೆನು. "ಕಾಲನ್ನು ವೈದ್ಯರು ತೆಗೆದರು. ಕೀಲಿಕೈಯನ್ನು ನೀವು ತೆಗೆದಿರಿ" ಎಂದು ಹೇಳಿ ಹೊರಟುಹೋದರು.

ಅದೇ ಸಂಜೆ ಕೀಲಿಕೈಯ ಗೊಂಚಲನ್ನು ಅಣ್ಣನವರ ಮುಂದೆ ಇಟ್ಟೆನು. ಮರುದಿನದಿಂದ ವಹಿಗಳು ಮಂಚದ ಮೇಲೆ ಬಂದವು. ಮೊದಲ ವಾರದಲ್ಲಿಯೇ ನನ್ನ ಮಗನು ಮಾಡಿದ ಎರಡು ತಪ್ಪುಗಳನ್ನು ಅವರು ಹಿಡಿದರು. ಅವರು ಬೈದ ಧ್ವನಿಯನ್ನು ಕೇಳಿ ಅತ್ತಿಗೆಯವರು ಕಣ್ಣೊರೆಸಿಕೊಂಡರು.

ಜೈಪುರದ ಪಾದ

ಊತ ಇಳಿದು ಗಾಯವು ಪೂರ್ಣ ಮಾಗಿದ ಮೇಲೆ ಒಂದು ಉಚಿತ ಶಿಬಿರದಲ್ಲಿ ಅಣ್ಣನವರಿಗೆ ಜೈಪುರ ಪಾದವನ್ನು ಜೋಡಿಸಿದರು. ಈ ಪಾದದ ಕಥೆಯನ್ನು ನಮ್ಮ ಯುವಕರು ತಿಳಿಯಬೇಕು. ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯ ಎಲುಬಿನ ಶಸ್ತ್ರವೈದ್ಯರಾದ ಡಾ. ಪಿ. ಕೆ. ಸೇಠಿ ಹಾಗೂ ಅಲ್ಲಿನ ಕುಶಲ ಕರ್ಮಿ, ಮಾಸ್ಟರ್‌ಜಿ ಎಂದೇ ಹೆಸರಾದ ರಾಮಚಂದ್ರ ಶರ್ಮಾ ಅವರು 1968ರ ಸುಮಾರಿಗೆ ಇದನ್ನು ಸಿದ್ಧಪಡಿಸಿದರು. ಅದುವರೆಗೆ ದೊರೆಯುತ್ತಿದ್ದ ವಿದೇಶಿ ಮಾದರಿಯ ಕಾಲುಗಳಿಗೆ ಬೂಟು ಬೇಕಾಗುತ್ತಿತ್ತು. ಚಕ್ಕಳಮಕ್ಕಳ ಹಾಕಿ ಕೂಡಲು, ಕುಕ್ಕರಗಾಲಲ್ಲಿ ಕೂಡಲು, ಕೆಸರಿನ ಗದ್ದೆಯಲ್ಲಿ ನಡೆಯಲು ಅವು ಒಗ್ಗುತ್ತಿರಲಿಲ್ಲ. ರಬ್ಬರು ಹಾಗೂ ಮರಗಳನ್ನು ಅಚ್ಚಿನಲ್ಲಿ ಬೇಯಿಸಿ ಮಾಡಿದ ಈ ಪಾದವು ಬರಿಗಾಲಿನಂತೆಯೇ ನೆಲವನ್ನು ಮೆಟ್ಟುತ್ತದೆ, ಹಲವು ದಿಕ್ಕಿಗೆ ಬಾಗುತ್ತದೆ, ನೀರಿಗೆ ಹೆದರುವುದಿಲ್ಲ. ಹೆಚ್ಚು ಶಾಲೆ ಕಲಿಯದ ಮಾಸ್ಟರ್‌ಜಿಯವರ ಕೈಚಳಕ ಹಾಗೂ ವೈದ್ಯರ ವಿದ್ಯೆ ಸೇರಿ ಆದ ಕೆಲಸವಿದು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇದನ್ನು ಬಡವರಿಗೆ ಉಚಿತವಾಗಿ ಮುಟ್ಟಿಸಿದವರು ಶ್ರೀ ಡಿ. ಆರ್. ಮೆಹ್ತಾ ಅವರು. 1969ರಲ್ಲಿ ರಸ್ತೆ ಅಪಘಾತದಲ್ಲಿ ಅವರದೇ ಕಾಲು ಹೋಗುವ ಸ್ಥಿತಿ ಬಂದು ಉಳಿಯಿತು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1975ರಲ್ಲಿ, ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಆ ವರ್ಷ ದೇಶದಾದ್ಯಂತ ಸ್ತಂಭಗಳು, ಸಭಾಭವನಗಳು ನಿರ್ಮಾಣಗೊಂಡವು. ಅವುಗಳ ಜೊತೆಗೆ ಇದೂ ಒಂದು ಸ್ಮಾರಕ. ಲಕ್ಷಾಂತರ ಜನ, ಜಾತಿಮತಗಳ ಭೇದವಿಲ್ಲದೆ, ಈ ಸ್ಮಾರಕದ ಮೇಲೆ ನಡೆದಾಡುತ್ತಿದ್ದಾರೆ. ನರ್ತಕಿ ಸುಧಾ ಚಂದ್ರನ್ ಅವರು 1981ರ ಅಪಘಾತದಲ್ಲಿ ಬಲಗಾಲನ್ನು ಕಳೆದುಕೊಂಡು, ಈ ಪಾದವನ್ನು ಧರಿಸಿ 1984ರಲ್ಲಿ ಮತ್ತೆ ರಂಗವೇರಿದುದು ಎಲ್ಲರಿಗೂ ತಿಳಿದಿದೆ. ಆದರೆ ಅಂಗ ಹೋದವರೆಲ್ಲರೂ ನರ್ತಿಸಲಿ, ಪರ್ವತ ಏರಲಿ ಎಂದು ನಾವು ಅಪೇಕ್ಷಿಸಬಾರದು. ಬೆಳಿಗ್ಗೆ ಎದ್ದು ತನ್ನ ಕೆಲಸಕ್ಕೆ ತಾನು ಹೋಗುವುದೇ ಬಹುಜನರಿಗೆ ಸಾಕಾದ ಪರ್ವತ.

ಮಂದಿರದ ಬಾಗಿಲಲ್ಲಿ

ಅಣ್ಣನವರು ಕೃತಕ ಪಾದವನ್ನು ಹಾಕಿಕೊಂಡು ಮೊದಲ ಸಲ ಮಂದಿರಕ್ಕೆ ಬಂದ ದಿನ ಬಾಗಿಲಲ್ಲಿ ಒಂದು ಮಾತು ಎದ್ದಿತು. ಇದು ಪಾದವೋ ಪಾದರಕ್ಷೆಯೋ? ರಸ್ತೆಯನ್ನು ಮೆಟ್ಟಿದ ವಸ್ತುವಾದುದರಿಂದ ಹೊರಗೆ ಬಿಡಬೇಕೆಂದು ಕೆಲವರು ಹೇಳಿದರು. ಹೇಳಿದವರು ಕೆಟ್ಟವರಲ್ಲ, ಶುದ್ಧಿಯ ಬಗ್ಗೆ ನಿಷ್ಠೆ ಉಳ್ಳವರು. ಅಣ್ಣನವರು ಒಂದು ಮಾತನ್ನೂ ಆಡದೆ ಕಟ್ಟೆಯ ಮೇಲೆ ಕುಳಿತು ಅಲ್ಲಿಂದಲೇ ಕೈಮುಗಿದರು. ಹಲವು ತಿಂಗಳು ಹಾಗೆಯೇ ನಡೆಯಿತು.

ನಂತರ ವಿಶ್ವಸ್ಥರ ಸಭೆಯಲ್ಲಿ ಚರ್ಚೆಯಾಯಿತು. ನಮ್ಮ ಕನ್ನಡಕಗಳು ಒಳಗೆ ಬರುತ್ತವೆ, ಕಟ್ಟಿಸಿಕೊಂಡ ಹಲ್ಲುಗಳು ಬರುತ್ತವೆ. ನಮ್ಮ ಬರಿಗಾಲುಗಳೂ ರಸ್ತೆಯನ್ನು ಮೆಟ್ಟಿಯೇ ಬರುತ್ತವೆ, ಬಾಗಿಲಲ್ಲಿ ತೊಳೆದುಕೊಂಡರೆ ಶುದ್ಧವಾಗುತ್ತವೆ. ಆ ಪಾದದಲ್ಲಿ ಚರ್ಮವಿಲ್ಲ, ಪಟ್ಟಿಯನ್ನೂ ಬಟ್ಟೆಯದನ್ನೇ ಹಾಕಿಸಬಹುದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ದೇಹದ ಸ್ಥಿತಿಯನ್ನು ಕಂಡು ಹೇಸದಿರುವುದು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಉದ್ದಾಯನ ರಾಜನನ್ನು ಉದಾಹರಿಸಿದ್ದಾರೆ. ರೋಗಿಯಾದ ಮುನಿಯ ವೇಷದಲ್ಲಿ ಬಂದ ದೇವನು ಮೈಮೇಲೆ ವಾಂತಿ ಮಾಡಿಕೊಂಡರೂ ರಾಜನು ಹೇಸದೆ ಉಪಚರಿಸಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆರನೆಯ ಅಂಗ ಸ್ಥಿತಿಕರಣ, ಜಾರುವವರನ್ನು ಧರ್ಮದಲ್ಲಿ ನಿಲ್ಲಿಸುವುದು. ಅಕ್ಷರಶಃ ನಿಲ್ಲಲು ಪ್ರಯತ್ನಿಸುತ್ತಿರುವವರನ್ನು ಬಾಗಿಲ ಹೊರಗೆ ಕೂರಿಸಿ ಸ್ಥಿತಿಕರಣವನ್ನು ಬೋಧಿಸುವುದು ಹೇಗೆ? ಕೊನೆಗೆ, ಕೃತಕ ಪಾದವು ಅವರ ಅಂಗವೇ ಸರಿ, ಎಲ್ಲರಂತೆ ತೊಳೆದುಕೊಂಡು ಒಳಗೆ ಬರಲಿ ಎಂದು ಸರ್ವಾನುಮತದಿಂದ ನಿರ್ಣಯವಾಯಿತು. ಮೊದಲು ಆಕ್ಷೇಪಿಸಿದ ಹಿರಿಯರೇ ನೀರಿನ ತಂಬಿಗೆಯನ್ನು ತಂದುಕೊಟ್ಟರು. ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ದಾರಿಯೂ, ಬೇಸಿಗೆಯಲ್ಲಿ ಪ್ರದಕ್ಷಿಣ ಪಥಕ್ಕೆ ತೆಂಗಿನ ನಾರಿನ ಹಾಸೂ ಆದವು.

ಆತ್ಮವು ದೇಹದಷ್ಟೇ ಪರಿಮಾಣದ್ದೆಂದೂ, ದೀಪದ ಬೆಳಕು ದೊಡ್ಡ ಕೋಣೆಯನ್ನೂ ಚಿಕ್ಕ ಕೋಣೆಯನ್ನೂ ಪೂರ್ಣವಾಗಿ ತುಂಬುವಂತೆ ಅದು ಸಂಕೋಚ ವಿಸ್ತಾರಗಳನ್ನು ಹೊಂದುತ್ತದೆಂದೂ ನಮ್ಮ ಶಾಸ್ತ್ರ ಹೇಳುತ್ತದೆ. ಕೋಣೆ ಚಿಕ್ಕದಾದ ಮಾತ್ರಕ್ಕೆ ದೀಪ ಕುಂದುವುದಿಲ್ಲ. ಒಂದು ಅಂಗವು ಹೋದರೆ ಆತ್ಮದ ಒಂದು ಪ್ರದೇಶವೂ ಕಡಿಮೆಯಾಗುವುದಿಲ್ಲ. ಇದನ್ನು ನಂಬುವವರು ಅಂಗಹೀನರನ್ನು ಅರ್ಧ ಮನುಷ್ಯರಂತೆ ನೋಡುವುದು ಯುಕ್ತವಲ್ಲ.

ಮಾಡಬಹುದಾದುದು

ನಮ್ಮ ಅಂಗಡಿ, ಗಿರಣಿ, ಮಗ್ಗಗಳಲ್ಲಿ ಪಟ್ಟಾ, ಚಕ್ರ, ಕತ್ತರಿಸುವ ಯಂತ್ರಗಳಿಗೆ ಕವಚ ಇದೆಯೋ ಇಲ್ಲವೋ ನಾವೇ ಕಣ್ಣಾರೆ ನೋಡಬೇಕು. ಕೆಲಸದವರು ಎಚ್ಚರಿಸಿದ ದಿನವೇ ಯಂತ್ರವನ್ನು ನಿಲ್ಲಿಸಬೇಕು. ಸಕ್ಕರೆ ಕಾಯಿಲೆ ಉಳ್ಳವರು ಪ್ರತಿದಿನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಬಿಸಿ ನೆಲದ ಮೇಲೆ ಬರಿಗಾಲಲ್ಲಿ ಪುಣ್ಯವನ್ನು ಹುಡುಕಬಾರದು. ಅಂಗ ಕಳೆದುಕೊಂಡವರಿಗೆ ಪ್ರಮಾಣಪತ್ರ ಮಾಡಿಸಿಕೊಡಲು ಜೊತೆಗೆ ಹೋಗಬೇಕು. 2016ರ ಕಾಯದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ನೂರಕ್ಕೆ 40 ಅಥವಾ ಹೆಚ್ಚು ನ್ಯೂನತೆ ಉಳ್ಳವರಿಗೆ ಸರ್ಕಾರಿ ಉದ್ಯೋಗದಲ್ಲಿ ನೂರಕ್ಕೆ 4ರಷ್ಟು ಸ್ಥಾನಗಳನ್ನು ಮೀಸಲಿಟ್ಟಿದೆ. ಸ್ವಂತ ಉದ್ಯೋಗಕ್ಕೆ ಸಾಲ ಕೊಡಲು ಕೇಂದ್ರ ಸರ್ಕಾರವು 1997ರಲ್ಲಿಯೇ ಒಂದು ನಿಗಮವನ್ನು ಸ್ಥಾಪಿಸಿತು. ಇವುಗಳ ಅರ್ಜಿಯನ್ನು ತುಂಬಿಕೊಡುವುದೂ ಶಾಸ್ತ್ರದಾನಕ್ಕೆ ಸಮಾನ. ಎಲ್ಲಕ್ಕಿಂತ ಮಿಗಿಲಾಗಿ, ಅವರಿಗೆ ಕೆಲಸವನ್ನೂ ಕೀಲಿಕೈಯನ್ನೂ ಕೊಡಬೇಕು, ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಎಲೆಯನ್ನು ಹಾಕಿಸಿಕೊಳ್ಳಬೇಕು.

2015ರ ಭಾದ್ರಪದದಲ್ಲಿ, ಹತ್ತೊಂಬತ್ತು ವರ್ಷಗಳ ಮೇಲೆ, ನಾನು ಆ ಹಗ್ಗದ ಅಂಗಡಿಗೆ ಹೋದೆನು. ಕಾಯದೆಯಂತೆ ಕೊಡಬೇಕಾಗಿದ್ದ ಮೊತ್ತವನ್ನು ಬಡ್ಡಿಯೊಡನೆ ಲೆಕ್ಕ ಕಟ್ಟಿ ತೆಗೆದುಕೊಂಡು ಹೋಗಿದ್ದೆ. "ಇದು ದಾನವಾದರೆ ಬೇಡ, ಬಾಕಿಯಾದರೆ ಎಣಿಸಿ ಕೊಡಿ" ಎಂದರು. ಬಾಕಿ ಎಂದೆನು. ಎಣಿಸಿ ಕೊಟ್ಟೆನು, ಅವರೂ ಎಡಗೈಯಿಂದ ಮತ್ತೊಮ್ಮೆ ಎಣಿಸಿ, ರಸೀದಿಯನ್ನು ತಮ್ಮ ಕೈಯಾರೆ ಬರೆದು ಸಹಿ ಮಾಡಿದರು. ಅನಂತರ ನಾನು ಕೈಮುಗಿದು ಕ್ಷಮೆಯನ್ನು ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಕ್ಷಮಿಸಿದ್ದೇನೆಯೋ ಇಲ್ಲವೋ ನನಗೇ ತಿಳಿಯದು, ಸಾಹುಕಾರರೇ. ಗಿರಣಿಯ ಪಟ್ಟಾಗಳಿಗೆಲ್ಲ ತಗಡು ಇದೆಯೇ?" ಎಂದು ಕೇಳಿದರು. ಇದೆ ಎಂದೆನು. "ಹಾಗಾದರೆ ಚಹಾ ತಗೊಳ್ಳಿರಿ" ಎಂದರು.

ಅಂದಿನಿಂದ ಪ್ರತಿ ವರ್ಷ ಕ್ಷಮಾವಾಣಿಯ ಪತ್ರಗಳನ್ನು ಬರೆಯುವ ಮೊದಲು ಗಿರಣಿಯನ್ನು ಒಂದು ಸುತ್ತು ಹಾಕಿ, ಒಂದೊಂದು ಕವಚವನ್ನೂ ಕೈಯಿಂದ ಅಲುಗಾಡಿಸಿ ನೋಡುತ್ತೇನೆ. ತಾವೂ ಹಾಗೆ ಮಾಡಬೇಕೆಂದು ವಿನಂತಿ. ಈ ಬರಹದಲ್ಲಿ ಸಿದ್ಧಾಂತಕ್ಕೆ ವಿರುದ್ಧವಾದ ಮಾತು ಬಂದಿದ್ದರೆ ಜ್ಞಾನಿಗಳು ತಿದ್ದಿ, ನನ್ನನ್ನು ಕ್ಷಮಿಸಬೇಕು.

ಜಯ ಜಿನೇಂದ್ರ.